ಬಿಳಿ ಕೋಟಿನ ಜೇಬಿಗೆ ಬಂದ ಲೈಬ್ರರಿ

(ವೈದ್ಯಕೀಯ ಕಾಲೇಜುಗಳ ಗ್ರಂಥಪಾಲಕರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ತರುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೌಸ್ ಸರ್ಜನ್‌ಗಳ, ಅಂದರೆ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಹೊಸ ಡಾಕ್ಟರುಗಳ ಬಿಳಿ ಕೋಟು ನೀವೆಲ್ಲ ನೋಡಿರುತ್ತೀರಿ. ಎರಡೂ ಜೇಬು ಭಾರಕ್ಕೆ ಜೋತು ಬಿದ್ದಿರುತ್ತವೆ. ನಾನು ಲೈಬ್ರರಿ ಕೆಲಸಕ್ಕೆ ಸೇರಿದ ಹೊಸತು, 1990ರ ದಶಕದ ಕೊನೆ. ಅಷ್ಟೊಂದು ಏನಪ್ಪಾ ತುಂಬಿಕೊಂಡಿದ್ದೀಯ ಅಂತ ಒಬ್ಬ ಹುಡುಗನನ್ನು ಕೇಳಿದೆ. ಅವನು ಇಶ್ಯೂ ಕೌಂಟರ್ ಮೇಲೆ ಒಂದೊಂದಾಗಿ ತೆಗೆದಿಟ್ಟ. ಟಾರ್ಚು, ಮೊಣಕಾಲಿಗೆ ತಟ್ಟುವ ಸುತ್ತಿಗೆ, ಅಳತೆ ಟೇಪು, ಮೂರು ಪೆನ್ನು, ಔಷಧ ಕಂಪನಿಯವರು ಪುಕ್ಕಟೆ ಕೊಟ್ಟ ಒಂದು ಕೈಪಿಡಿ. ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಪುಟ್ಟ ನೋಟ್‌ಬುಕ್ಕು. ಅದರಲ್ಲಿ ಮಕ್ಕಳ ಡೋಸು, ಡ್ರಿಪ್ಪಿನ ಲೆಕ್ಕ, ಹಾವು ಕಡಿದು ಬಂದವರಿಗೆ ಮೊದಲು ಏನು ಮಾಡಬೇಕು, ಎಲ್ಲವೂ ಇರುವೆ ಸಾಲಿನಂಥ ಅಕ್ಷರದಲ್ಲಿ ಇದ್ದವು. ಅರ್ಧಕ್ಕರ್ಧ ಅವನ ಸೀನಿಯರ್ ನೋಟ್‌ಬುಕ್ಕಿನಿಂದ ಇಳಿಸಿಕೊಂಡದ್ದು. ಆ ಸೀನಿಯರ್ ತನ್ನ ಸೀನಿಯರ್‌ದರಿಂದ ಇಳಿಸಿಕೊಂಡಿದ್ದನಂತೆ. ಅಮೆರಿಕದ ವೈದ್ಯ ವಿದ್ಯಾರ್ಥಿಗಳು ಇಂಥ ನೋಟ್‌ಬುಕ್ಕಿಗೆ 'ಪೆರಿಫೆರಲ್ ಬ್ರೇನ್' ಅನ್ನುತ್ತಾರೆ. ತಲೆಯ ಹೊರಗೆ ಇಟ್ಟುಕೊಂಡ ಮಿದುಳು.

"ಇದನ್ನ ಮೊದಲು ಬರೆದದ್ದು ಯಾವ ವರ್ಷ?" ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇವತ್ತು ಕೈಯಲ್ಲಿ ಹಿಡಿಯುವ ಕಂಪ್ಯೂಟರ್‌ಗಳ ಬಗ್ಗೆ, ಆಸ್ಪತ್ರೆ ಮತ್ತು ಲೈಬ್ರರಿಗೆ ಅವು ತಂದ ಬದಲಾವಣೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಆದರೆ ನನ್ನ ಮನಸ್ಸೆಲ್ಲ ಆ ಹುಡುಗ ಉತ್ತರಿಸಲಾಗದ ಪ್ರಶ್ನೆಯ ಮೇಲೇ ಇದೆ.

ನೋಟ್‌ಬುಕ್ಕನ್ನು ನಾನು ಕೀಳಾಗಿ ಕಾಣುತ್ತಿಲ್ಲ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಬ್ಬನೇ ನಿಂತವನಿಗೆ ಅದೇ ಆಸರೆ. ಲೈಬ್ರರಿ ಇನ್ನೊಂದು ಕಟ್ಟಡದಲ್ಲಿ ಇರುತ್ತದೆ. ಬಾಗಿಲು ತೆಗೆದಿದ್ದರೂ ರೋಗಿಯನ್ನು ಬಿಟ್ಟು ಓಡಿ ಬರೋಕಾಗುತ್ತಾ? ಪುಸ್ತಕ ಒಂದು ಕಡೆ, ಪ್ರಶ್ನೆ ಹುಟ್ಟುವ ಜಾಗ ಇನ್ನೊಂದು ಕಡೆ. ನಮ್ಮ ವೃತ್ತಿಯ ಹಳೆಯ ಸಂಕಟ ಇದು.

ಈ ದೂರ ಎಷ್ಟು ದೊಡ್ಡದು ಅಂತ 1985ರಲ್ಲಿ ಒಂದು ಅಧ್ಯಯನ ತೋರಿಸಿತು. ಲಾಸ್ ಏಂಜಲಿಸ್ ಕಡೆಯ 47 ವೈದ್ಯರನ್ನು ಕೋವೆಲ್ ಮತ್ತು ಸಂಗಡಿಗರು ಅವರ ಕ್ಲಿನಿಕ್ಕಿನಲ್ಲೇ ಗಮನಿಸಿದರು. ಹೊಸ ಮಾಹಿತಿ ಬೇಕು ಅನ್ನಿಸುವುದು ವಾರಕ್ಕೊಮ್ಮೆ ಅಂತ ಆ ವೈದ್ಯರು ತಾವೇ ಅಂದುಕೊಂಡಿದ್ದರು. ಲೆಕ್ಕ ಹಾಕಿ ನೋಡಿದರೆ ಪ್ರತಿ ಮೂರು ರೋಗಿಗಳಿಗೆ ಎರಡು ಪ್ರಶ್ನೆ ಹುಟ್ಟುತ್ತಿತ್ತು. ರೋಗಿ ಎದುರಿಗೆ ಇದ್ದಾಗಲೇ ಉತ್ತರ ಸಿಕ್ಕಿದ್ದು ಶೇ 30ಕ್ಕೆ ಮಾತ್ರ. ಅದೂ ಹೆಚ್ಚಾಗಿ ಇನ್ನೊಬ್ಬ ಡಾಕ್ಟರನ್ನು ಕೇಳಿ. ಪುಸ್ತಕ ನೋಡುತ್ತೇವೆ ಅಂದವರು ನಿಜವಾಗಿ ಪಕ್ಕದ ಕೊಠಡಿಯವರನ್ನು ಕೇಳುತ್ತಿದ್ದರು. ಇದರಲ್ಲಿ ತಪ್ಪೇನೂ ಇಲ್ಲ. ಹತ್ತಿರ ಇರುವುದನ್ನೇ ಅಲ್ವಾ ಯಾರಾದರೂ ಮೊದಲು ಮುಟ್ಟುವುದು?

ಹಾಗಾದರೆ ಲೈಬ್ರರಿಯೇ ಹತ್ತಿರ ಹೋಗಬೇಕು. ಇದನ್ನು ಎಲ್ಲರಿಗಿಂತ ಮೊದಲು ಮಾಡಿ ತೋರಿಸಿದ್ದು ಗರ್ಟ್ರೂಡ್ ಲ್ಯಾಂಬ್ ಎಂಬ ಗ್ರಂಥಪಾಲಕಿ. 1971ರಲ್ಲಿ, ಅಮೆರಿಕದ ಕನ್ಸಾಸ್ ಸಿಟಿಯಲ್ಲಿ. ಗ್ರಂಥಪಾಲಕರು ವೈದ್ಯರ ಜೊತೆ ರೌಂಡ್ಸ್‌ಗೆ ಹೋಗುವುದು, ಹಾಸಿಗೆಯ ಪಕ್ಕ ಏಳುವ ಪ್ರಶ್ನೆಗಳನ್ನು ಬರೆದುಕೊಳ್ಳುವುದು, ಬೇಗನೆ ಉತ್ತರ ಹುಡುಕಿ ತಂದುಕೊಡುವುದು. ಆಗ ಕಂಪ್ಯೂಟರ್ ಜೇಬಿಗೆ ಬರುವ ಮಾತೇ ಇರಲಿಲ್ಲ. ಗ್ರಂಥಪಾಲಕಿಯ ಕಾಲುಗಳೇ ಸಾಧನ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಇವತ್ತಿಗೂ ಲೈಬ್ರರಿಯವರು ವಾರ್ಡಿಗೆ ಕಾಲಿಟ್ಟಿಲ್ಲ. ಅರ್ಧ ಶತಮಾನ ಕಳೆದಿದೆ. ನನಗೆ ಇದು ನೋವಿನ ವಿಷಯ.

ಇನ್ನೊಂದು ಪ್ರಯತ್ನ ನನಗೆ ತುಂಬ ಇಷ್ಟವಾದದ್ದು. ಡೇವಿಡ್ ಸ್ಯಾಕೆಟ್ ಹೆಸರು ನೀವು ಕೇಳಿರುತ್ತೀರಿ. ಪುರಾವೆ ಆಧಾರಿತ ವೈದ್ಯಕೀಯಕ್ಕೆ, ಅಂದರೆ ಸಂಶೋಧನೆಯ ಪುರಾವೆ ನೋಡಿ ಚಿಕಿತ್ಸೆ ನಿರ್ಧರಿಸುವ ಪದ್ಧತಿಗೆ, ಬುನಾದಿ ಹಾಕಿದವರಲ್ಲಿ ಒಬ್ಬರು. ಅವರೂ ಶ್ಯಾರನ್ ಸ್ಟ್ರಾಸ್ ಅವರೂ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಆಸ್ಪತ್ರೆಯಲ್ಲಿ ಒಂದು ತಳ್ಳುಗಾಡಿ ಮಾಡಿಸಿದರು. ಅದರಲ್ಲಿ ಲ್ಯಾಪ್‌ಟಾಪು, ಪ್ರೊಜೆಕ್ಟರು, ಸಿಡಿಗಳಲ್ಲಿ ಮೆಡ್‌ಲೈನ್ ಮತ್ತು ಕಾಕ್ರೇನ್ ಲೈಬ್ರರಿ ಅನ್ನುವ ವೈದ್ಯಕೀಯ ಸಂಶೋಧನೆಗಳ ಸಂಗ್ರಹಗಳು, ಕೆಲವು ಆಯ್ದ ಪುಸ್ತಕಗಳು. ಈ 'ಎವಿಡೆನ್ಸ್ ಕಾರ್ಟ್' ರೌಂಡ್ಸ್ ಮಾಡುವ ತಂಡದ ಜೊತೆ ಇರಬೇಕು ಅನ್ನುವುದು ಯೋಜನೆ. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ರೋಗಿಯ ಚಿಕಿತ್ಸೆಗೆ ಸಂಬಂಧಪಟ್ಟ ಹುಡುಕಾಟಗಳಲ್ಲಿ 71ಕ್ಕೆ ಉತ್ತರ ಸಿಕ್ಕಿತು. ಅದರಲ್ಲಿ 37 ಸಲ ವೈದ್ಯರು ಅಂದುಕೊಂಡದ್ದೇ ಸರಿ ಅಂತಾಯಿತು. 18 ಸಲ ಹೊಸ ದಾರಿ ಕಂಡಿತು. 16 ಸಲ ಮೊದಲು ಮಾಡಿದ ತೀರ್ಮಾನವನ್ನೇ ಬದಲಾಯಿಸಬೇಕಾಯಿತು.

ಆ 16ರ ಬಗ್ಗೆ ಸ್ವಲ್ಪ ಯೋಚಿಸಿ. ಗಾಡಿ ಅಲ್ಲಿ ಇರದಿದ್ದರೆ ಹಳೆಯ ತೀರ್ಮಾನವೇ ನಡೆದುಹೋಗುತ್ತಿತ್ತು. ಅದೂ ತುಂಬ ಓದಿಕೊಂಡಿದ್ದ ತಂಡದಲ್ಲಿ.

ಗಾಡಿಯನ್ನು ವಾಪಸ್ ತೆಗೆದ ಮೇಲೆ ಏನಾಯಿತು ಅನ್ನುವುದನ್ನೂ ಅವರು ಬರೆದಿಟ್ಟರು. ಮಾಹಿತಿ ಬೇಕು ಅಂತ ಅನ್ನಿಸುವುದು ಜಾಸ್ತಿಯೇ ಆಯಿತು, ರುಚಿ ಹತ್ತಿತ್ತಲ್ಲ. ಆದರೆ ನಿಜವಾಗಿ ಎದ್ದು ಹೋಗಿ ಹುಡುಕಿದ್ದು ಶೇ 12ರಷ್ಟು ಸಲ ಮಾತ್ರ. ಇನ್ನೊಂದು ತೊಂದರೆಯೂ ಇತ್ತು. ಗಾಡಿ ತೀರಾ ದಪ್ಪ. ಹಾಸಿಗೆಗಳ ಮಧ್ಯೆ ನುಗ್ಗಿಸಲು ಆಗಲಿಲ್ಲ. ತಂಡ ಕೂತು ಮಾತಾಡುವ ಕೋಣೆಯಲ್ಲೇ ಅದು ಉಳಿಯಿತು. ಹಾಸಿಗೆಯ ಪಕ್ಕಕ್ಕೆ ಹೋಗಬೇಕಾದರೆ ಅದು ಜೇಬಿನಷ್ಟು ಚಿಕ್ಕದಾಗಬೇಕಿತ್ತು.

ಅಷ್ಟು ಹೊತ್ತಿಗೆ ಚಿಕ್ಕದು ಬಂದೂ ಆಗಿತ್ತು. 1993ರಲ್ಲಿ ಆಪಲ್ ಕಂಪನಿ ನ್ಯೂಟನ್ ಅನ್ನುವ ಯಂತ್ರ ತಂದಿತ್ತು. ಅದು ಜೇಬಿಗೆ ದೊಡ್ಡದು, ಬೆಲೆಯೂ ಜಾಸ್ತಿ, ಕೈಬರಹ ಓದುವುದರಲ್ಲಿ ತಪ್ಪುತ್ತಿತ್ತು. ಅಂಗಿ ಜೇಬಿಗೆ ನಿಜವಾಗಿ ಇಳಿದದ್ದು 1996ರಲ್ಲಿ ಬಂದ, ಪಾಮ್ ಕಂಪನಿಯ ಪೈಲಟ್ ಯಂತ್ರ. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಒಂದು ಮರದ ತುಂಡನ್ನು ಅಷ್ಟೇ ಅಳತೆಗೆ ಕತ್ತರಿಸಿ, ದಿನವೆಲ್ಲ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದರು. ಯಾರಾದರೂ ಏನಾದರೂ ಕೇಳಿದರೆ ಆ ಮರದ ತುಂಡು ತೆಗೆದು ಅದರ ಮೇಲೆ ಕಡ್ಡಿಯಲ್ಲಿ ಬರೆದಂತೆ ಮಾಡುತ್ತಿದ್ದರು. ಮನುಷ್ಯನಿಗೆ ಎಲ್ಲಿ, ಯಾವಾಗ ಇದು ಬೇಕಾಗುತ್ತದೆ ಅಂತ ತಿಳಿಯಲು. ವಸ್ತು ಮಾಡುವ ಮೊದಲು ಬಳಸುವವನ ಮೈ ಕೈ ಗಮನಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಎರಡು ಪುಟ್ಟ ಸೆಲ್ಲು. ಕಪ್ಪು ಬಿಳುಪಿನ ಪರದೆ, ಅಡ್ಡ 160 ಚುಕ್ಕಿ, ಉದ್ದ 160 ಚುಕ್ಕಿ. ಮೊದಲ ಮಾದರಿಯಲ್ಲಿ ಇದ್ದ ಮೆಮೊರಿ 128 ಕಿಲೋಬೈಟ್. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುತ್ತಿರಲಿಲ್ಲ. ಆದರೂ ಬಟನ್ ಒತ್ತಿದ ತಕ್ಷಣ ಎಚ್ಚರವಾಗುತ್ತಿತ್ತು. ವಾರ್ಡಿನಲ್ಲಿ ಬೇಕಾದದ್ದು ಅದೇ.

ಡಾಕ್ಟರುಗಳು ಅದನ್ನು ಬಹಳ ಬೇಗ ಹಿಡಿದುಕೊಂಡರು. ಮುಖ್ಯ ಕಾರಣ ಔಷಧಗಳ ಪಟ್ಟಿ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಎಪೋಕ್ರೇಟಿಸ್ ಅನ್ನುವ ಕಂಪನಿ ಮರು ವರ್ಷ ಪಾಮ್‌ಗೆ ಒಂದು ಔಷಧ ಕೈಪಿಡಿಯನ್ನು ಉಚಿತವಾಗಿ ಕೊಟ್ಟಿತು. ಹೆಸರು ಬರೆದರೆ ಡೋಸು, ಅಡ್ಡ ಪರಿಣಾಮ, ಬೇರೆ ಔಷಧದ ಜೊತೆ ಸೇರಿದರೆ ಏನಾಗುತ್ತದೆ, ಎಲ್ಲ ಬರುತ್ತಿತ್ತು. ಒಂದು ಉದಾಹರಣೆ ಹೇಳುತ್ತೇನೆ. ಹೃದಯದ ಕವಾಟ ಬದಲಾಯಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿರುತ್ತಾರೆ. ಹೊಟ್ಟೆ ಕೆಟ್ಟಿದೆ ಅಂತ ಬಂದಾಗ ಮೆಟ್ರೊನಿಡಜೋಲ್ ಬರೆದುಕೊಟ್ಟರೆ ವಾರ್ಫರಿನ್‌ನ ಪರಿಣಾಮ ಹೆಚ್ಚಾಗಿ ಒಳಗೆ ರಕ್ತಸ್ರಾವ ಆಗಬಹುದು. ಎರಡೂ ದಿನನಿತ್ಯದ ಔಷಧಗಳು. ಎರಡನ್ನೂ ಬಲ್ಲ ಡಾಕ್ಟರಿಗೂ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಇದು ನೆನಪಾಗದೆ ಹೋಗಬಹುದು. ಜೇಬಿನ ಯಂತ್ರ ಅದನ್ನು ಎತ್ತಿ ಹೇಳುತ್ತಿತ್ತು.

ಆದರೆ ನಾನು ಇವತ್ತು ಒತ್ತಿ ಹೇಳಬೇಕಾದದ್ದು ಆ ಯಂತ್ರದ ಜೊತೆ ಬರುತ್ತಿದ್ದ ತೊಟ್ಟಿಲಿನ ಬಗ್ಗೆ. ತೊಟ್ಟಿಲು ಅನ್ನುವುದು ಅದರ ನಿಜವಾದ ಹೆಸರೇ, ಇಂಗ್ಲಿಷಿನಲ್ಲಿ ಕ್ರೇಡಲ್. ಮೊದಮೊದಲ ಪಾಮ್‌ಗಳಲ್ಲಿ ಇಂಟರ್ನೆಟ್ ಇರಲಿಲ್ಲ. ತೊಟ್ಟಿಲಲ್ಲಿ ಇಟ್ಟು ಒಂದು ಬಟನ್ ಒತ್ತಿದರೆ ಅದು ಕಂಪ್ಯೂಟರಿನ ಜೊತೆ ಮಾತಾಡಿ ಹೊಸ ಮಾಹಿತಿ ತುಂಬಿಕೊಳ್ಳುತ್ತಿತ್ತು. ಹಾಟ್‌ಸಿಂಕ್ ಅನ್ನುತ್ತಿದ್ದರು. ಸಿಂಕ್ ಮಾಡದೆ ಹೋದರೆ ಎರಡು ಅಪಾಯ. ಒಂದು, ಒಳಗಿನ ಮಾಹಿತಿ ಹಳಸುತ್ತದೆ. ಇನ್ನೊಂದು, ಸೆಲ್ಲು ಪೂರ್ತಿ ಸತ್ತರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆ ಮೆಮೊರಿ ಕರೆಂಟಿನ ಮೇಲೆಯೇ ನಿಂತಿತ್ತು. ಹೀಗಾಗಿ ಯಂತ್ರ ಇಟ್ಟುಕೊಂಡವರು ಆಗಾಗ ಒಂದು ಜಾಗಕ್ಕೆ ಬರಲೇಬೇಕಿತ್ತು.

ಆ ಜಾಗ ಎಷ್ಟೋ ಆಸ್ಪತ್ರೆಗಳಲ್ಲಿ ಲೈಬ್ರರಿಯೇ ಆಯಿತು. 2000ದ ಆಸುಪಾಸಿನಲ್ಲಿ ಅಮೆರಿಕದ ವೈದ್ಯಕೀಯ ಲೈಬ್ರರಿಗಳು ಮೇಜಿನ ಮೇಲೆ ತೊಟ್ಟಿಲುಗಳನ್ನು ಜೋಡಿಸಿ ಇಟ್ಟವು. ಕೆಲವು ಕಡೆ ಇನ್‌ಫ್ರಾರೆಡ್ ಕಿರಣದಿಂದ ಮಾಹಿತಿ ದಾಟಿಸುವ ಪೆಟ್ಟಿಗೆ. ಯಂತ್ರವನ್ನು ಅದರ ಎದುರು ಹಿಡಿದರೆ ಸಾಕು. ಪುಸ್ತಕ ಎರವಲು ಕೊಟ್ಟ ಹಾಗೆಯೇ ಪಾಮ್ ಯಂತ್ರ ಎರವಲು ಕೊಟ್ಟ ಲೈಬ್ರರಿಗಳೂ ಇದ್ದವು. ಗ್ರಂಥಪಾಲಕರು ತಾವೇ ಒಂದೊಂದು ಸಾಫ್ಟ್‌ವೇರ್ ಬಳಸಿ ನೋಡಿ, ಯಾವುದು ನಂಬಬಹುದು, ಯಾವುದು ಬೇಡ ಅಂತ ಪಟ್ಟಿ ಮಾಡಿದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಡಾಕ್ಟರುಗಳನ್ನೂ ನರ್ಸುಗಳನ್ನೂ ಕೂರಿಸಿಕೊಂಡು ಕಲಿಸಿದರು. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಕೂಡ ವೈದ್ಯಕೀಯ ಲೇಖನಗಳನ್ನು ಹುಡುಕುವ ತನ್ನ ಪಬ್‌ಮೆಡ್ ಅನ್ನು ಚಿಕ್ಕ ಪರದೆಗೆ ಒಗ್ಗುವಂತೆ ಮಾಡಿಕೊಟ್ಟಿತು. 1879ರಲ್ಲಿ ಶುರುವಾದ, ವೈದ್ಯಕೀಯ ಲೇಖನಗಳ ಸೂಚಿಯಾದ ಇಂಡೆಕ್ಸ್ ಮೆಡಿಕಸ್ ಅನ್ನುವ ದಪ್ಪ ದಪ್ಪ ಸಂಪುಟಗಳ ವಾರಸುದಾರರು ಅವರು. ಆ ಸಂಪುಟಗಳ ಮುದ್ರಣ 2004ಕ್ಕೆ ನಿಂತಿತು. ನಮ್ಮ ರೆಫರೆನ್ಸ್ ವಿಭಾಗದಲ್ಲಿ ಅವು ಒಂದಿಡೀ ಗೋಡೆ ತುಂಬಿದ್ದವು. ಅವನ್ನು ಎತ್ತಿ ಎತ್ತಿ ನನ್ನ ತೋಳು ಗಟ್ಟಿಯಾಗಿತ್ತು.

ಅದೇ 2004ರಲ್ಲಿ ನಡೆದ ಒಂದು ಘಟನೆ ನೋಡಿ. ರೋಫೆಕಾಕ್ಸಿಬ್ ಅನ್ನುವ ನೋವಿನ ಮಾತ್ರೆ ಲೋಕದಲ್ಲೆಲ್ಲ ಓಡುತ್ತಿತ್ತು. ಹೃದಯಾಘಾತದ ಅಪಾಯ ಹೆಚ್ಚುತ್ತದೆ ಅಂತ ಗೊತ್ತಾಗಿ ಸೆಪ್ಟೆಂಬರ್ 30ರಂದು ಅದನ್ನು ತಯಾರಿಸುತ್ತಿದ್ದ ಕಂಪನಿಯೇ ಮಾರುಕಟ್ಟೆಯಿಂದ ವಾಪಸ್ ತೆಗೆಯಿತು. ಸೆಪ್ಟೆಂಬರ್ 29ರವರೆಗೆ ಸರಿಯಾಗಿದ್ದ ಕೈಪಿಡಿಯ ಪುಟ ಮರುದಿನ ತಪ್ಪಾಯಿತು. ಮುದ್ರಿತ ಪುಸ್ತಕ ಏನು ಮಾಡೀತು ಪಾಪ? ಜೇಬಿನ ಯಂತ್ರ ಬದಲಾಗಬಹುದಿತ್ತು. ಆದರೆ ಅದನ್ನು ತೊಟ್ಟಿಲಲ್ಲಿ ಇಟ್ಟರೆ ಮಾತ್ರ. ಇಡದವನ ಕೈಯಲ್ಲಿ ಅದು ಪುಸ್ತಕಕ್ಕಿಂತ ಜಾಸ್ತಿ ಅಪಾಯ. ಯಾಕೆಂದರೆ ಪುಸ್ತಕದ ಮೊದಲ ಪುಟದಲ್ಲಿ ಮುದ್ರಣದ ವರ್ಷ ಇರುತ್ತದೆ, ಹಾಳೆ ಹಳದಿ ಆಗಿರುತ್ತದೆ. ಪರದೆ ಹಳದಿ ಆಗುವುದಿಲ್ಲ. ಐದು ವರ್ಷ ಹಳೆಯ ಮಾತೂ ಅದರಲ್ಲಿ ಇವತ್ತು ಬೆಳಿಗ್ಗೆ ಬರೆದ ಹಾಗೆ ಹೊಳೆಯುತ್ತದೆ.

ಉಚಿತ ಅಂದೆನಲ್ಲ, ಆ ಬಗ್ಗೆ ಒಂದು ಮಾತು. ಉಚಿತ ಕೈಪಿಡಿಗೆ ಹಣ ಎಲ್ಲಿಂದ ಬರುತ್ತಿತ್ತು? ದೊಡ್ಡ ಪಾಲು ಔಷಧ ಕಂಪನಿಗಳಿಂದ. ವೈದ್ಯರ ಪರದೆಗೆ ಸಂದೇಶ ಕಳಿಸಲು ಅವು ಹಣ ಕೊಡುತ್ತಿದ್ದವು. ಆ ಹುಡುಗನ ಜೇಬಿನಲ್ಲಿದ್ದ ಪುಕ್ಕಟೆ ಕೈಪಿಡಿಯೂ ಔಷಧ ಕಂಪನಿಯದ್ದೇ ಅಲ್ವಾ? ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಾಹಿತಿ ಸರಿಯಿರಬಹುದು. ಆದರೆ ಯಾರ ದುಡ್ಡು ಅಂತ ಗೊತ್ತಿರಬೇಕು. ಲೈಬ್ರರಿ ತನ್ನ ದುಡ್ಡಿನಲ್ಲಿ ಕೊಂಡು ಕೊಡುವ ಪುಸ್ತಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಈಗ ಬೇರೆ ಊರಿಗೆ ಹೋಗೋಣ. ಉಗಾಂಡಾಕ್ಕೆ.

ಬರ್ನಾರ್ಡ್ ಲೌನ್ ಅಂತ ಒಬ್ಬ ಹೃದಯ ತಜ್ಞರು. ತಾಳ ತಪ್ಪಿದ ಹೃದಯಕ್ಕೆ ಶಾಕ್ ಕೊಟ್ಟು ಸರಿಯಾದ ಬಡಿತಕ್ಕೆ ತರುವ ಡಿಸಿ ಡಿಫಿಬ್ರಿಲೇಟರ್ ರೂಪಿಸಿದವರು. ಅಣುಯುದ್ಧದ ವಿರುದ್ಧ ವೈದ್ಯರನ್ನು ಒಗ್ಗೂಡಿಸಿದ ಸಂಘಟನೆಗೆ 1985ರ ನೊಬೆಲ್ ಶಾಂತಿ ಪ್ರಶಸ್ತಿ ಬಂತಲ್ಲ, ಅದರ ಸ್ಥಾಪಕರಲ್ಲಿ ಒಬ್ಬರು. ಅವರೇ ಸ್ಯಾಟೆಲೈಫ್ ಅನ್ನುವ ಇನ್ನೊಂದು ಸಂಸ್ಥೆಯನ್ನೂ ಕಟ್ಟಿದರು. ಭೂಮಿಗೆ ಹತ್ತಿರದಲ್ಲಿ ಸುತ್ತುವ ಒಂದು ಪುಟ್ಟ ಉಪಗ್ರಹ ದಿನಕ್ಕೆ ಕೆಲವು ಸಲ ಆಫ್ರಿಕಾದ ಮೇಲೆ ಹಾದುಹೋಗುವಾಗ ವೈದ್ಯಕೀಯ ಲೇಖನಗಳನ್ನು, ಪತ್ರಗಳನ್ನು ಕೆಳಗೆ ಇಳಿಸುವುದು ಅದರ ಮೊದಲ ಕೆಲಸ. ಫೋನ್ ಲೈನೇ ಸರಿಯಿಲ್ಲದ ಆಸ್ಪತ್ರೆಗಳಿಗೆ ಅದು ಲೈಬ್ರರಿಯಾಗಿತ್ತು.

2003ರಲ್ಲಿ ಅದೇ ಸಂಸ್ಥೆ, ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯದ ಜೊತೆ ಸೇರಿ ಉಗಾಂಡಾ ಹೆಲ್ತ್ ಇನ್‌ಫರ್ಮೇಶನ್ ನೆಟ್‌ವರ್ಕ್ ಶುರುಮಾಡಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಪಾಮ್ ಯಂತ್ರ ಕೊಟ್ಟರು. ಕೆಲವು ಆರೋಗ್ಯ ಕೇಂದ್ರಗಳಲ್ಲಿ ಒಂದೊಂದು ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯಲ್ಲಿ ಮೊಬೈಲ್ ಸಂಪರ್ಕ. ಕಾರ್ಯಕರ್ತರು ಬಂದು ಯಂತ್ರವನ್ನು ಪೆಟ್ಟಿಗೆಯ ಎದುರು ಹಿಡಿಯುತ್ತಿದ್ದರು. ಆ ವಾರ ಎಷ್ಟು ಮಲೇರಿಯಾ, ಎಷ್ಟು ದಡಾರ ಅನ್ನುವ ವರದಿ ಮೇಲಕ್ಕೆ ಹೋಗುತ್ತಿತ್ತು. ಅದೇ ಗಳಿಗೆಯಲ್ಲಿ ಚಿಕಿತ್ಸೆಯ ಮಾರ್ಗಸೂಚಿ, ಹೊಸ ಸುದ್ದಿ, ಓದಲು ಪಾಠ ಕೆಳಕ್ಕೆ ಬರುತ್ತಿತ್ತು.

ಮೇಲಕ್ಕೂ ಹೋಗುತ್ತಿತ್ತು, ಕೆಳಕ್ಕೂ ಬರುತ್ತಿತ್ತು. ಇದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ.

ನಮ್ಮ ದೇಶದಲ್ಲೂ ಪ್ರಯತ್ನ ತಡವಾಗಿ ಆಗಲಿಲ್ಲ. 1990ರ ದಶಕದ ನಡುವಿನಲ್ಲೇ ಆಪಲ್‌ನ ಸಂಶೋಧಕರು ರಾಜಸ್ಥಾನದ ಹಳ್ಳಿಗಳಿಗೆ ಬಂದು, ಎಎನ್‌ಎಂ ಸಿಸ್ಟರ್‌ಗಳ ಜೊತೆ ಓಡಾಡಿ, ನ್ಯೂಟನ್ ಯಂತ್ರದಲ್ಲಿ ಅವರ ದಾಖಲೆಗಳನ್ನು ಇಡುವುದು ಹೇಗೆ ಅಂತ ಕೆಲಸ ಮಾಡಿದ್ದರು. ಸಿಸ್ಟರ್‌ಗಳ ಹೆಗಲ ಚೀಲದಲ್ಲಿ ಲಸಿಕೆಗಿಂತ ರಿಜಿಸ್ಟರುಗಳ ಭಾರವೇ ಜಾಸ್ತಿ ಅನ್ನುವುದು ನಮಗೆಲ್ಲ ಗೊತ್ತು. ಆಮೇಲೆ ನಮ್ಮ ಬೆಂಗಳೂರಿನ ಸಿಂಪ್ಯೂಟರ್, ಜನಸಾಮಾನ್ಯರಿಗಾಗಿ ಮಾಡಿದ, ಕೈಯಲ್ಲಿ ಹಿಡಿಯುವ ಕಂಪ್ಯೂಟರ್.

ಸಿಂಪ್ಯೂಟರ್ ಅಂದರೆ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಕಂಪನಿಯವರ ಜೊತೆ ಸೇರಿ ಕಟ್ಟಿದ್ದು. 1999ರಲ್ಲಿ ಟ್ರಸ್ಟು, 2001ರಲ್ಲಿ ಜನರ ಮುಂದೆ ಮಾದರಿ, 2004ರಲ್ಲಿ ಸರ್ಕಾರಿ ಕಂಪನಿ ಬಿಇಎಲ್ ತಯಾರಿಕೆಯಲ್ಲಿ ಅಮಿಡಾ ಸಿಂಪ್ಯೂಟರ್ ಮಾರಾಟಕ್ಕೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲಿನಕ್ಸ್ ಸಾಫ್ಟ್‌ವೇರ್ ಮೇಲೆ ಓಡುತ್ತಿತ್ತು. ನಮ್ಮ ಭಾಷೆಗಳಲ್ಲಿ ಬರೆದದ್ದನ್ನು ಓದಿ ಹೇಳುವ ಕನಸು ಅದರಲ್ಲಿ ಇತ್ತು. ಯಂತ್ರವನ್ನು ವಾಲಿಸಿದರೆ ಅದಕ್ಕೆ ತಿಳಿಯುತ್ತಿತ್ತು. ಇವತ್ತು ಎಲ್ಲ ಫೋನಿನಲ್ಲೂ ಇರುವ ಗುಣ, ಆಗ ಬೆಂಗಳೂರಿನವರು ಮಾಡಿದ್ದರು. ಎಲ್ಲಕ್ಕಿಂತ ದೊಡ್ಡ ಯೋಚನೆ ಸ್ಮಾರ್ಟ್ ಕಾರ್ಡಿನದ್ದು. ಯಂತ್ರ ಕೊಳ್ಳಲು ಆಗದವರು ಒಂದು ಕಾರ್ಡು ಮಾತ್ರ ಇಟ್ಟುಕೊಂಡರೆ ಸಾಕು. ಊರಿಗೆಲ್ಲ ಒಂದು ಸಿಂಪ್ಯೂಟರ್, ಮನೆಗೊಂದು ಕಾರ್ಡು. ಲೈಬ್ರರಿ ಕಾರ್ಡಿನ ಹಾಗೆ! ಊರಿನ ಪುಸ್ತಕ ಎಲ್ಲರದ್ದು, ಕಾರ್ಡು ಮಾತ್ರ ನಮ್ಮದು.

ಅದು ನಿಲ್ಲಲಿಲ್ಲ. ಕೆಲವೇ ಸಾವಿರ ಮಾರಾಟವಾಯಿತು. ಬೆಲೆ ಅಂದುಕೊಂಡಷ್ಟು ಇಳಿಯಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲ್ ಬಂತು. ನನ್ನ ಅನಿಸಿಕೆ ಇನ್ನೊಂದಿದೆ. ಸಿಂಪ್ಯೂಟರಿನ ಒಳಗೆ ಹಾಕಲು ಕನ್ನಡದಲ್ಲಿ ಏನಿತ್ತು? ಒಬ್ಬ ಸಿಸ್ಟರ್ ಕೈಗೆ ಕೊಟ್ಟರೆ ಅವರು ಓದಲು ನಂಬಿಕೆಯ ಆರೋಗ್ಯ ಕೈಪಿಡಿ, ದಿನಾಂಕ ಹಾಕಿ, ತಿದ್ದಿ ತಿದ್ದಿ ಕೊಡುವ ಜನ ಎಲ್ಲಿದ್ದರು? ಯಂತ್ರ ಮಾಡುವವರು ತಮ್ಮ ಕೆಲಸ ಮಾಡಿದರು. ನಾವು, ಗ್ರಂಥಪಾಲಕರು, ನಮ್ಮ ಕೆಲಸ ಮಾಡಲಿಲ್ಲ. ಆಗ ನಮ್ಮ ಗಮನವೆಲ್ಲ ಜರ್ನಲ್‌ಗಳ ಕಡೆ ಇತ್ತು. 2003ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹೆಲಿನೆಟ್ ಶುರುಮಾಡಿ ನಮ್ಮ ಕಾಲೇಜುಗಳಿಗೆಲ್ಲ ಇ-ಜರ್ನಲ್ ತಂದುಕೊಟ್ಟಿತು. ಅದು ನಿಜಕ್ಕೂ ದೊಡ್ಡ ಕೆಲಸ. ಸಣ್ಣ ಊರಿನ ಕಾಲೇಜಿಗೂ ದೊಡ್ಡ ಪತ್ರಿಕೆಗಳು ಬಂದವು. ಆದರೆ ಅದು ಕಾಲೇಜಿನ ಕಾಂಪೌಂಡಿನ ಒಳಗೇ ಉಳಿಯಿತು. ಉಪಕೇಂದ್ರದ ಸಿಸ್ಟರ್‌ವರೆಗೆ ಹೋಗಲಿಲ್ಲ.

ಅವರಿಗೆ ಯಾಕೆ ಬೇಕು ಅನ್ನುತ್ತೀರಾ? ಓಆರ್‌ಎಸ್ ತಗೊಳ್ಳಿ. ವಾಂತಿಭೇದಿಗೆ ಕೊಡುವ ಪುಡಿ, ಇದಕ್ಕಿಂತ ಸರಳವಾದ ಔಷಧ ಇಲ್ಲ. ಅದು ಕೂಡ ಬದಲಾಗಿದೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರಲ್ಲಿನ ಉಪ್ಪು, ಸಕ್ಕರೆ ಕಡಿಮೆ ಮಾಡಿ, ದ್ರಾವಣದ ಸಾಂದ್ರತೆಯನ್ನು (ಲೀಟರಿಗೆ ಮಿಲಿಆಸ್ಮೋಲ್ ಲೆಕ್ಕದಲ್ಲಿ) 311ರಿಂದ 245ಕ್ಕೆ ಇಳಿಸಿತು. 2004ರಲ್ಲಿ ಭೇದಿಯಾದ ಮಕ್ಕಳಿಗೆ ಸತುವಿನ ಮಾತ್ರೆಯನ್ನೂ ಕೊಡಿ ಅಂತ ಯುನಿಸೆಫ್ ಜೊತೆ ಸೇರಿ ಹೇಳಿತು. ಆಗ ಹೇಳಿದ ಡೋಸು ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಕೂಸಿಗೆ 10, ಹತ್ತರಿಂದ ಹದಿನಾಲ್ಕು ದಿನ. ಭೇದಿ ನಿಂತ ಮೇಲೂ ಮುಂದುವರಿಸಬೇಕು. ಭೇದಿ ನಿಂತಿತಲ್ಲ ಅಂತ ತಾಯಂದಿರು ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸುತ್ತಾರೆ. ಯಾಕೆ ನಿಲ್ಲಿಸಬಾರದು ಅಂತ ಹೇಳಬೇಕಾದವರು ಯಾರು? ಮನೆ ಬಾಗಿಲಿಗೆ ಹೋಗುವ ಆಶಾ, ಸಿಸ್ಟರ್. ಅವರ ತರಬೇತಿ ಪುಸ್ತಕ 2001ರದ್ದಾಗಿದ್ದರೆ?

ಈಗ ಅವರ ಕೈಯಲ್ಲಿ ಫೋನಿದೆ, ಟ್ಯಾಬ್ ಇದೆ. ಪಾಮ್‌ಗಿಂತ ಸಾವಿರಾರು ಪಟ್ಟು ಶಕ್ತಿ ಇರುವ ಯಂತ್ರಗಳು. ಆದರೆ ನಾನು ಮಾತಾಡಿಸಿದ ಸಿಸ್ಟರ್‌ಗಳು ಹೇಳುವುದು ಒಂದೇ. "ಮೇಡಂ, ಇದರಲ್ಲಿ ತುಂಬೋದೇ ಕೆಲಸ. ಗರ್ಭಿಣಿಯರ ಲೆಕ್ಕ, ಲಸಿಕೆ ಲೆಕ್ಕ, ತಾಯಿ ಕಾರ್ಡಿನ ನಂಬರು." ಮೇಲಕ್ಕೆ ಹೋಗುವ ದಾರಿ ಚೆನ್ನಾಗಿ ಆಗಿದೆ. ಕೆಳಕ್ಕೆ ಬರುವ ದಾರಿ ಸಣ್ಣದು. ಉಗಾಂಡಾದ ಆ ಪೆಟ್ಟಿಗೆ ನೆನಪಾಗುವುದು ಅದಕ್ಕೇ. ಲೆಕ್ಕ ಕೊಟ್ಟವರಿಗೆ ಅಲ್ಲೇ, ಆಗಲೇ ಓದಲು ಏನಾದರೂ ಸಿಗುತ್ತಿತ್ತು.

ಸ್ಮಾರ್ಟ್‌ಫೋನಿನ ಕತೆ ನಿಮಗೇ ಗೊತ್ತು, ಬೇಗ ಮುಗಿಸುತ್ತೇನೆ. 2008ರಲ್ಲಿ ಐಫೋನಿಗೆ ಆ್ಯಪ್ ಅಂಗಡಿ ತೆರೆದಾಗ ಎಪೋಕ್ರೇಟಿಸ್ ಅಲ್ಲಿಗೆ ಮೊದಲೇ ಬಂದಿತ್ತು. 2010ರಲ್ಲಿ ಪಾಮ್ ಕಂಪನಿಯನ್ನು ಎಚ್‌ಪಿ ಕೊಂಡಿತು, ಮರು ವರ್ಷವೇ ಆ ಯಂತ್ರಗಳನ್ನು ನಿಲ್ಲಿಸಿತು. ತೊಟ್ಟಿಲು ಹೋಯಿತು. ಲೈಬ್ರರಿಗೆ ಬರುವ ಕಾರಣವೂ ಹೋಯಿತು. ಎಲ್ಲವೂ ಗಾಳಿಯಲ್ಲಿ ಬರುತ್ತದೆ, ತಾನಾಗಿ ಹೊಸದಾಗುತ್ತದೆ ಅಂತ ಎಲ್ಲರೂ ನಂಬಿದರು. ನಾನೂ ನಂಬಿದ್ದೆ.

2013ರ ಸುಮಾರಿಗೆ ನನ್ನ ನಂಬಿಕೆ ಮುರಿಯಿತು. ಒಬ್ಬ ಹೌಸ್ ಸರ್ಜನ್ ಹುಡುಗಿ ರೀಡಿಂಗ್ ಹಾಲಿನಲ್ಲಿ ಕೂತು ಫೋನಿನಲ್ಲಿ ಮಕ್ಕಳ ಡೋಸಿನ ಒಂದು ಪಿಡಿಎಫ್ ನೋಡುತ್ತಿದ್ದಳು. ಗುಂಪಿನಲ್ಲಿ ಯಾರೋ ಹಂಚಿದ್ದಂತೆ. ಸುಮ್ನೆ ಇಣುಕಿ ನೋಡಿದೆ. ಜ್ವರಕ್ಕೆ ಚಿಕ್ಕ ಮಕ್ಕಳಿಗೆ ನಿಮೆಸುಲೈಡ್ ಸಿರಪ್ಪು, ಇಷ್ಟು ಮಿಲಿ ಅಂತ ಇತ್ತು. 12 ವರ್ಷದ ಒಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡಬಾರದು ಅಂತ ಭಾರತ ಸರ್ಕಾರ 2011ರ ಫೆಬ್ರವರಿಯಲ್ಲೇ ನಿಷೇಧ ಹಾಕಿತ್ತು, ಲಿವರಿಗೆ ಅಪಾಯ ಅಂತ. ನಾನು ಡಾಕ್ಟರಲ್ಲ. ನನಗೆ ಗೊತ್ತಿದ್ದದ್ದು ಆ ಆದೇಶವನ್ನು ಲೈಬ್ರರಿಯ ನೋಟಿಸ್ ಬೋರ್ಡಿಗೆ ನಾನೇ ಹಚ್ಚಿದ್ದರಿಂದ. ಅವಳಿಗೆ ಹೇಳಿದೆ. ಅವಳ ಮುಖ ಬಿಳುಚಿಕೊಂಡಿತು. ಅವಳ ತಪ್ಪಿಲ್ಲ. ಆ ಪಿಡಿಎಫ್‌ನಲ್ಲಿ ಎಲ್ಲೂ ವರ್ಷ ಇರಲಿಲ್ಲ. ಮೊದಲ ಎರಡು ಪುಟ ಕಿತ್ತುಹಾಕಿ ಯಾರೋ ಸ್ಕ್ಯಾನ್ ಮಾಡಿದ್ದರು.

ಹದಿನೈದು ವರ್ಷದ ಹಿಂದಿನ ಆ ರಬ್ಬರ್ ಬ್ಯಾಂಡಿನ ನೋಟ್‌ಬುಕ್ಕೇ ಮತ್ತೆ ನನ್ನ ಎದುರು ಇತ್ತು. ಈ ಸಲ ಹೊಳೆಯುವ ಗಾಜಿನ ಹಿಂದೆ.

ಅವತ್ತಿನಿಂದ ನಮ್ಮ ಲೈಬ್ರರಿಯಲ್ಲಿ ಕೆಲಸ ಬದಲಾಯಿತು. ಹೊಸ ಹೌಸ್ ಸರ್ಜನ್‌ಗಳ ತಂಡ ಬಂದಾಗ ಒಂದು ಗಂಟೆ ಅವರ ಫೋನುಗಳನ್ನು ನೋಡುತ್ತೇವೆ, ಅವರ ಒಪ್ಪಿಗೆಯಿಂದಲೇ. ಯಾವ ಆ್ಯಪ್, ಯಾವಾಗ ಹೊಸದಾಯಿತು, ಹಣ ಯಾರದ್ದು. ಪಿಡಿಎಫ್ ಇದ್ದರೆ ವರ್ಷ ಹುಡುಕುತ್ತೇವೆ, ಸಿಗದಿದ್ದರೆ ಅಳಿಸಿ ಅನ್ನುತ್ತೇವೆ. ರೋಗಿಯ ಕೇಸ್ ಶೀಟಿನ ಫೋಟೋ ಗುಂಪುಗಳಿಗೆ ಹಾಕಬೇಡಿ ಅಂತಲೂ ಹೇಳುತ್ತೇವೆ. ಫೋನನ್ನು ರೌಂಡ್ಸ್ ಆದ ಮೇಲೆ ಒರೆಸಿ ಅನ್ನುತ್ತೇವೆ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸೋಂಕು ಕೊಂಡೊಯ್ಯಬಾರದು ಅಂತ.

ಮಾತು ಮುಗಿದ ಮೇಲೆ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಎದ್ದು ಕೇಳಿದರು: "ನಮ್ಮ ವಾರ್ಡಿನಲ್ಲಿ ನರ್ಸ್‌ಗಳು ಡ್ಯೂಟಿಯಲ್ಲಿ ಫೋನ್ ಮುಟ್ಟೋ ಹಾಗಿಲ್ಲ. ನೆಟ್‌ವರ್ಕೂ ಸರಿಯಾಗಿ ಬರಲ್ಲ. ನಾವೇನು ಮಾಡೋದು ಮೇಡಂ?"

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಮಾಡಿದ್ದನ್ನೇ ಹೇಳಿದೆ. ಕಚೇರಿಯಲ್ಲಿ ಬಳಸಿ ಬಿಟ್ಟಿದ್ದ ಒಂದು ಹಳೆಯ ಟ್ಯಾಬ್ ಕೇಳಿ ಪಡೆದೆವು. ಅದಕ್ಕೆ ಸಿಮ್ ಇಲ್ಲ, ಆಟ ಇಲ್ಲ, ಏನೂ ಇಲ್ಲ. ನೆಟ್ ಇಲ್ಲದೆಯೂ ತೆರೆಯುವ ಔಷಧ ಕೈಪಿಡಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ, ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಗಳು, ಇಂಜೆಕ್ಷನ್ ಯಾವುದರ ಜೊತೆ ಬೆರೆಸಬಾರದು ಅನ್ನುವ ಪಟ್ಟಿ. ಇಷ್ಟನ್ನು ತುಂಬಿ ನರ್ಸಿಂಗ್ ಸ್ಟೇಷನ್‌ನಲ್ಲಿ ದಾರ ಕಟ್ಟಿ ಇಟ್ಟೆವು. ಟ್ಯಾಬಿನ ಬೆನ್ನಿಗೆ ಒಂದು ಬಿಳಿ ಸ್ಟಿಕ್ಕರ್. ಅದರ ಮೇಲೆ ಪೆನ್ನಿನಲ್ಲಿ, ಕೊನೆಯ ಸಲ ಹೊಸದು ಮಾಡಿದ ತಾರೀಕು. ಪ್ರತಿ ಸೋಮವಾರ ನಮ್ಮ ಲೈಬ್ರರಿ ಸಹಾಯಕರು ವಾರ್ಡಿಗೆ ಹೋಗಿ ಅದನ್ನು ತರುತ್ತಾರೆ. ಲೈಬ್ರರಿಯ ವೈಫೈನಲ್ಲಿ ಎಲ್ಲ ಹೊಸದು ಮಾಡಿ, ಹಳೆಯ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿ ವಾಪಸ್ ಇಡುತ್ತಾರೆ. ಅರ್ಧ ಗಂಟೆಯ ಕೆಲಸ.

ಶುರುಮಾಡಿದ ಮೂರನೇ ತಿಂಗಳು ಒಂದು ಸೋಮವಾರ ಆ ಸಹಾಯಕರು ರಜೆ ಹಾಕಿದ್ದರು. ನಮ್ಮ ಗಮನಕ್ಕೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಮೆಡಿಸಿನ್ ವಾರ್ಡಿನಿಂದ ಸಿಸ್ಟರ್ ಫೋನ್ ಮಾಡಿದರು. "ಮೇಡಂ, ಸ್ಟಿಕ್ಕರ್ ಮೇಲೆ ಹೋದ ವಾರದ ತಾರೀಕೇ ಇದೆ. ನಿನ್ನೆ ಯಾರೂ ಬರಲಿಲ್ಲ. ಇವತ್ತು ಯಾರು ಬರ್ತಾರೆ?"

ನಾನೇ ಹೋದೆ.